ಕೊಬ್ಬರಿ ಸೋಪು, ಬೆರಕೆ ಸೊಪ್ಪು

ತುಮಕೂರು

ನಾನು ಇಂಗ್ಲೆಂಡಿಗೆ ಹೋಗಿದ್ದು ಊರು ನೋಡುವುದಕ್ಕಲ್ಲ, ತಂಗಿಯನ್ನು ವಾಪಸ್ ಕರೆದುಕೊಂಡು ಬರುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿನ ಸೇತುವೆ, ಅರಮನೆ, ದೊಡ್ಡ ಗಡಿಯಾರ ಇವೆಲ್ಲ ಬರುತ್ತವೆ ಅಂತ ಕಾದು ಕೂತವರಿಗೆ ಆಮೇಲೆ ಬೇಜಾರಾಗಬಾರದು. ನಾನು ಅಷ್ಟು ದೂರ ಹೋಗಿ ನೋಡಿದ್ದು ಒಂದು ತುಂಡು ನೆಲ. ಅದರಲ್ಲೂ ನಾನು ಬೆಳೆದಿದ್ದಕ್ಕಿಂತ ಕಿತ್ತಿದ್ದೇ ಜಾಸ್ತಿ.

ತಂಗಿ ಗಿರಿಜಾ ಅಲ್ಲಿ ನರ್ಸು. ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರು. ಊರಿನ ಹೆಸರು ಬರೆಯಬೇಡ ಅಂತ ಅವಳ ಅಪ್ಪಣೆಯಾಗಿದೆ. ಮದುವೆಯಾಗಲಿಲ್ಲ. "ಆಗಲ್ಲ, ಕೇಳ್ಬೇಡಿ" ಅಂತ ಒಂದು ಸಲ ಹೇಳಿ ನಮ್ಮೆಲ್ಲರ ಬಾಯಿಗೆ ಬೀಗ ಹಾಕಿದವಳು ಅವಳು. ಈ ಸಲದ ಚಳಿ ಮುಗಿಯುವ ಹೊತ್ತಿಗೆ ಮಂಜುಗಡ್ಡೆ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ವಿಡಿಯೋ ಕಾಲ್‌ನಲ್ಲಿ ಎಡಗೈಯಲ್ಲಿ ಕಾಫಿ ಕಲಸುತ್ತಾ "ಏನಿಲ್ಲ ಕಣಕ್ಕ, ಚೆನ್ನಾಗಿದೀನಿ" ಅಂದಳು. ಕಾಫಿ ಅರ್ಧ ಮೇಜಿನ ಮೇಲಿತ್ತು.

"ಹೋಗ್ಬುಟ್ಟು ಬಾ. ಬರೋವಾಗ ಕರ್ಕೊಂಡೇ ಬಾ," ಅಂದರು ನಮ್ಮ ಯಜಮಾನರು. "ಒಬ್ಳೇ ಇದ್ಕೊಂಡು ಯಾವ ಸುಖಕ್ಕೆ? ತುಮ್ಕೂರಲ್ಲಿ ಆಸ್ಪತ್ರೆಗೇನ್ ಬರಗಾಲನಾ? ಬೀದಿಗೊಂದವೆ."

ನನಗೂ ಅದೇ ಬೇಕಿತ್ತು. ನಮ್ಮ ಮನೆ ಮೇಲಿನ ರೂಮಿಗೆ ಸುಣ್ಣ ಬಣ್ಣ ಮಾಡಿಸಿಯೇ ವಿಮಾನ ಹತ್ತಿದೆ.

ಲಗೇಜಿನಲ್ಲಿ ಅರ್ಧ ನನ್ನ ಸೋಪು. ಮನೆಯಲ್ಲೇ ಸೋಪು ಮಾಡುವುದು ನನಗೆ ಮೊದಮೊದಲು ಹುಚ್ಚಾಗಿತ್ತು, ಈಗ ಕಸುಬು. ತವರು ಸಿ.ಎಸ್. ಪುರದ ಕೊಬ್ಬರಿ, ಗುಬ್ಬಿಯ ಗಾಣದಲ್ಲಿ ಆಡಿಸಿದ ಎಣ್ಣೆ. ಮಾರ್ಕೋನಹಳ್ಳಿ ಹತ್ತಿರ ಯಜಮಾನರ ಹೊಲದ ಬದುವಿನಲ್ಲಿ ಹೊಂಗೆ ಮರಗಳಿವೆ. ಆ ಬೀಜದ ಎಣ್ಣೆಯಲ್ಲಿ ಇನ್ನೊಂದು ಬಗೆ. ಕೊಬ್ಬರಿಯದು ಮೈಗೆ, ಹೊಂಗೆಯದು ಗಿಡಕ್ಕೆ. ಗಿಡಕ್ಕೆ ಹುಳ ಹತ್ತಿದರೆ ಹೊಂಗೆ ಸೋಪು ಕರಗಿಸಿ ಸಿಂಪಡಿಸಿದರೆ ಸಾಕು. ಪರದೇಶದ ಏರ್‌ಪೋರ್ಟಿನಲ್ಲಿ ಆಫೀಸರೊಬ್ಬ ಹಳದಿ ಬಿಲ್ಲೆಗಳನ್ನು ನೋಡಿ "ಚೀಸಾ?" ಅಂತ ಕೇಳಿದ. ಸೋಪು ಅಂದೆ. ನಂಬದೆ ಹೊಂಗೆಯ ಬಿಲ್ಲೆಯನ್ನೇ ಎತ್ತಿ ಮೂಗಿಗೆ ಹಿಡಿದ. ಹರಳೆಣ್ಣೆ ಕುಡಿದವನ ಮುಖ ಮಾಡಿ, ಬೇಗ ಹೋಗಮ್ಮ ಅನ್ನುವ ಹಾಗೆ ಕೈಬೀಸಿದ.

ಮೊದಲ ಸ್ನಾನ

ಗಿರಿಜಳದು ಒಂದು ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆಗೆದರೆ ರಸ್ತೆ, ರಸ್ತೆಯಾಚೆ ಇನ್ನೊಂದು ಅಂಗಡಿ. ಮಣ್ಣು ಅನ್ನುವುದು ಒಂದು ಚಮಚದಷ್ಟೂ ಕಾಣಿಸುವುದಿಲ್ಲ. ಏಪ್ರಿಲ್ ತಿಂಗಳು, ನಮ್ಮಲ್ಲಿ ಯುಗಾದಿ ಮುಗಿದು ಮಾವಿನಕಾಯಿ ಚಿತ್ರಾನ್ನದ ಕಾಲ. ಅಲ್ಲಿ ವಸಂತ ಬಂತು ಬಂತು ಅಂತ ಎಲ್ಲರೂ ಕುಣಿಯುತ್ತಿದ್ದರು. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಅದರ ಮೇಲೆ ಶಾಲು ಹೊದ್ದು, ಬಂದಿದ್ದು ಎಲ್ಲಿ ಅಂತ ಹುಡುಕುತ್ತಿದ್ದೆ.

ಮೊದಲ ದಿನವೇ ನನ್ನ ಸೋಪು ಮಾನ ಕಳೆಯಿತು. ತುಮಕೂರಿನ ನಮ್ಮ ಬೋರ್‌ವೆಲ್ ನೀರು ಉಪ್ಪು. ಅಂಗಡಿ ಸೋಪು ಅದರಲ್ಲಿ ನೊರೆಯೇ ಬಿಡುವುದಿಲ್ಲ. ಅದಕ್ಕೇ ನಾನು ಕೊಬ್ಬರಿ ಎಣ್ಣೆ ಜಾಸ್ತಿ ಹಾಕಿ ಹದ ಮಾಡುವುದು. ಅಲ್ಲಿಯ ನೀರೋ, ಸಿಹಿನೀರು, ಹಾಲಿನಷ್ಟು ಮೆದು. ಮಾಮೂಲಿನಂತೆ ಗಸಗಸ ಉಜ್ಜಿದೆ. ನೊರೆ ಮೊಣಕೈ ದಾಟಿತು, ತೊಟ್ಟಿ ತುಂಬಿತು. ತೊಳೆದಷ್ಟೂ ಬಂತು. ಗಿರಿಜಾ ಬಾಗಿಲು ಬಡಿದಳು.

"ಏನ್ ಮಾಡ್ತಿದೀಯಕ್ಕ ಒಳಗೆ? ಬಾಗ್ಲ ಸಂದೀಲಿ ನೊರೆ ಬರ್ತಾ ಇದೆ!"

"ಸ್ನಾನ ಮುಗೀತಾ ಇಲ್ಲ ಕಣೇ!"

ಅವಳು ನಕ್ಕಿದ್ದು ಗೋಡೆಯಾಚೆಗೂ ಕೇಳಿಸಿತು. ಮುರಿದ ಕೈ ಇಟ್ಟುಕೊಂಡು ಹಾಗೆ ನಗುತ್ತಿದ್ದಾಳಲ್ಲ ಅಂತ ನನಗೆ ಸಮಾಧಾನವಾಯಿತು. ಇವಳ ಮನಸ್ಸು ಹಗುರಾಗಿದೆ, ಇನ್ನೆರಡು ದಿನ ಬಿಟ್ಟು ಊರಿನ ಮಾತು ತೆಗೆಯೋಣ ಅಂದುಕೊಂಡೆ.

ಗಿರಿಜಳ ತುಂಡು

ಮಾತು ತೆಗೆಯುವುದಕ್ಕೆ ಮುಂಚೆ ಅವಳು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದಳು.

ಅಲ್ಲಿ ಒಂದು ಪದ್ಧತಿ ಇದೆ. ಮನೆಯ ಹತ್ತಿರ ನೆಲ ಇಲ್ಲದವರಿಗೆ ಊರಂಚಿನಲ್ಲಿ ಒಂದೊಂದು ತುಂಡು ನೆಲ ಕೊಡುತ್ತಾರೆ, ತರಕಾರಿ ಬೆಳೆದುಕೊಳ್ಳಲಿ ಅಂತ. ಅದಕ್ಕೆ ಅಲಾಟ್‌ಮೆಂಟ್ ಅಂತಲೇ ಹೆಸರು. ಹಿಂದೆ ಇವಳು "ನಂಗೊಂದು ಅಲಾಟ್‌ಮೆಂಟ್ ಸಿಕ್ತು ಕಣಕ್ಕ" ಅಂತ ಫೋನ್ ಮಾಡಿದಾಗ ನಮ್ಮ ಯಜಮಾನರು ಸೈಟೇ ಸಿಕ್ಕಿತು ಅಂದುಕೊಂಡು, "ಪೂರ್ವಕ್ಕಾ, ಉತ್ತರಕ್ಕಾ?" ಅಂತ ಕೇಳಿದ್ದರು.

ಸಿಗುವುದು ಸುಲಭವಲ್ಲ. ವರ್ಷಗಟ್ಟಲೆ ಸರದಿ ಕಾಯಬೇಕು. ಸಿಕ್ಕ ಮೇಲೆ ಪಾಳು ಬಿಡುವ ಹಾಗಿಲ್ಲ. ವಸಂತ ಮುಗಿಯುವ ಹೊತ್ತಿಗೆ ಕಮಿಟಿಯವರು ಬಂದು ನೋಡುತ್ತಾರೆ. ಕಳೆ ಬೆಳೆದಿದ್ದರೆ ಕಿತ್ತುಕೊಂಡು ಸರದಿಯ ಮುಂದಿನವರಿಗೆ ಕೊಡುತ್ತಾರೆ. ಗಿರಿಜಳಿಗೆ ಕೈ ಮುರಿದಾಗಿನಿಂದ ತೋಟದ ಕೆಲಸ ಹೆಚ್ಚುಕಡಿಮೆ ನಿಂತುಹೋಗಿತ್ತು. ಆಗಲೇ ಒಂದು ಸಲ ಎಚ್ಚರಿಕೆ ಕೊಟ್ಟಿದ್ದರು.

"ಇದೊಂದ್ ಉಳಿಸ್ಕೊಡಕ್ಕ," ಅಂದಳು. "ಮಿಕ್ಕಿದ್ದೆಲ್ಲ ನಾನ್ ನೋಡ್ಕೋತೀನಿ."

ನೋಡಿದೆ. ನಮ್ಮ ಹಿತ್ತಲಿನಷ್ಟೇ ಜಾಗ. ಒಂದು ಮೂಲೆಯಲ್ಲಿ ದಪ್ಪ ಅವರೆಯ ಥರದ ಗಿಡಗಳು ಕಪ್ಪು ಬಿಳಿ ಹೂ ಬಿಟ್ಟು ನಿಂತಿದ್ದವು. ಇನ್ನೊಂದು ಕಡೆ ಆನೆಕಿವಿಯಂಥ ಎಲೆ, ಕೆಂಪು ದಂಟು. ಅದಕ್ಕೆ ರೂಬಾರ್ಬ್ ಅನ್ನುತ್ತಾರೆ. ಎಲೆ ವಿಷ, ದಂಟು ಹುಣಸೆಗಿಂತ ಹುಳಿ. ಅವರು ಅದಕ್ಕೆ ಸಕ್ಕರೆ ಸುರಿದು ಸಿಹಿ ಮಾಡುತ್ತಾರೆ. ನಾನು ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಮಾಡಿದೆ. ಗಿರಿಜಾ ಬಟ್ಟಲು ನೆಕ್ಕಿದಳು. ಅವರೆಯ ಕುಡಿ ಚಿವುಟಿದರೆ ಗಿಡ ಕಾಯಿ ಹಿಡಿಯುತ್ತದಂತೆ. ಚಿವುಟಿದ ಕುಡಿಯನ್ನು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿದರೆ, ಅಯ್ಯೋ, ಅದರ ರುಚಿ ಹೇಳಬೇಕೇ. ಕಿತ್ತು ಹತ್ತು ನಿಮಿಷಕ್ಕೆ ಬಾಣಲೆಗೆ ಬೀಳುವ ತರಕಾರಿಗೆ ಯಾವ ದೇಶವಾದರೇನು.

ಮಣ್ಣು ಕಪ್ಪಗೆ, ಎರೆಹುಳು ತುಂಬಿಕೊಂಡಿತ್ತು. ನಮ್ಮ ಕೆಂಪು ಮಣ್ಣಿಗೆ ಇಷ್ಟು ನೀರು ಬಿದ್ದಿದ್ದರೆ ಚಿನ್ನ ಬೆಳೆಯುತ್ತಿದ್ದೆವು ಅಂತ ಹೊಟ್ಟೆಕಿಚ್ಚೂ ಆಯಿತು.

ಮಾರ್ಗರೆಟ್ಟಳ ಶೆಡ್ಡು

ಪಕ್ಕದ ತುಂಡು ಮಾರ್ಗರೆಟ್ ಅನ್ನುವ ಹೆಂಗಸಿನದು. ಗಂಡನಿಲ್ಲ, ವಯಸ್ಸು ಎಪ್ಪತ್ತರ ಮೇಲೆ, ನಡಿಗೆ ಮಾತ್ರ ಪೊಲೀಸರದು. ಕಮಿಟಿಯಲ್ಲಿ ಅವಳೂ ಇದ್ದಾಳೆ ಅಂತ ಗಿರಿಜಾ ಮೊದಲೇ ಕಿವಿಯಲ್ಲಿ ಹೇಳಿದ್ದಳು. ಮಾರ್ಗರೆಟ್ಟಳ ಅವರೆ ಕುಡಿಗೆ ಕಪ್ಪು ಹೇನು ಹತ್ತಿತ್ತು. ನಾನು ಕೇಳದೆ, ಹೇಳದೆ, ಹೊಂಗೆ ಸೋಪು ಬಕೆಟ್ಟಿನಲ್ಲಿ ಕರಗಿಸಿ ಅವಳ ಗಿಡಕ್ಕೆಲ್ಲ ಚಿಮುಕಿಸಿದೆ. ನಮ್ಮಲ್ಲಿ ಪಕ್ಕದ ಮನೆ ಗಿಡಕ್ಕೆ ಹುಳ ಬಿದ್ದರೆ ಯಾರು ಪರ್ಮಿಷನ್ ಕೇಳುತ್ತಾರೆ? ಅವಳು ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬಗ್ಗಿ ಬಕೆಟ್ಟಿನ ವಾಸನೆ ನೋಡಿ, "ಇದನ್ನು ನೀನೇ ಮಾಡಿದ್ದಾ?" ಅಂದಳು. ಅವಳೂ ಸೋಪು ಮಾಡುವವಳು!

ಅಲ್ಲಿಂದ ನಮ್ಮಿಬ್ಬರದೂ ಗಂಟು ಬಿತ್ತು. ನನ್ನ ಇಂಗ್ಲಿಷು ಅರ್ಧ, ಅವಳ ಇಂಗ್ಲಿಷು ನನಗೆ ಅರ್ಧ ಅರ್ಥ; ಎಣ್ಣೆಯ ಮಾತಿಗೆ ಅಷ್ಟು ಸಾಕಾಗಿತ್ತು. ತೋಟದ ಶೆಡ್ಡಿನಲ್ಲೇ ಅವಳ ಕಾರ್ಖಾನೆ. ಕಾಸ್ಟಿಕ್ ಸೋಡ ಮುಟ್ಟುವುದಕ್ಕೆ ಮುಂಚೆ ಕನ್ನಡಕ, ಕೈಗೆ ಗವುಸು, ಮೇಲೆ ಏಪ್ರನ್ನು, ಆಪರೇಷನ್ ಮಾಡುವ ಡಾಕ್ಟರ ಹಾಗೆ. ನಾನು ಮನೆಯಲ್ಲಿ ಸೀರೆ ಸೆರಗು ಸಿಕ್ಕಿಸಿ, ಹಿತ್ತಲಿಗೆ ಬಂದು, ಉದ್ದ ಸೌಟಿನಲ್ಲಿ ತಿರುವುತ್ತೇನೆ ಅಂದಾಗ ಅವಳು ಎದೆ ಮೇಲೆ ಕೈ ಇಟ್ಟುಕೊಂಡಳು. ನನಗೂ ಒಂದು ಜೊತೆ ಗವುಸು ಕೊಟ್ಟಳು. ಈಗಲೂ ಹಾಕಿಕೊಳ್ಳುತ್ತೇನೆ.

ಅವಳದು ಆಲಿವ್ ಎಣ್ಣೆ, ಜೊತೆಗೆ ಎಳೆ ತುರಿಚೆ ಸೊಪ್ಪು ಕುದಿಸಿದ ನೀರು. ಮುಟ್ಟಿದರೆ ಉರಿಯುವ ಸೊಪ್ಪು ಸೋಪಿನಲ್ಲಿ ಹಸಿರು ಬಣ್ಣವಾಗಿ ತಣ್ಣಗೆ ಕೂರುತ್ತದೆ. ನಾವಿಬ್ಬರೂ ಅವಳ ಎಣ್ಣೆ ಅರ್ಧ, ನಾನು ತಲೆಗೆಂದು ತಂದಿದ್ದ ಗುಬ್ಬಿ ಕೊಬ್ಬರಿ ಎಣ್ಣೆ ಅರ್ಧ ಹಾಕಿ ಒಂದು ಅಚ್ಚು ಹೊಯ್ದೆವು. ಹದಕ್ಕೆ ಬರಲು ತಿಂಗಳ ಮೇಲಾಗುತ್ತದೆ, ಅಲ್ಲಿಯವರೆಗೆ ಶೆಡ್ಡಿನ ಹಲಗೆ ಮೇಲಿರಲಿ ಅಂದಳು. ಸಾಯಂಕಾಲ ಕೆಸರು ಕೈಯನ್ನು ತೋಟದ ನಲ್ಲಿಯಲ್ಲಿ ಅವಳ ಸೋಪು ಹಚ್ಚಿ ತೊಳೆದುಕೊಂಡಾಗ ಕೈ ನನ್ನದೇ ಅನ್ನಿಸಲಿಲ್ಲ, ಅಷ್ಟು ಮೃದುವಾಗಿತ್ತು.

ಕಳೆ ತೆಗೆದಿದ್ದು

ಅಷ್ಟರಲ್ಲಿ ಗಿರಿಜಳಿಗೆ ಆಸ್ಪತ್ರೆಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಅವಳು ಡ್ಯೂಟಿಗೆ, ನಾನು ತೋಟಕ್ಕೆ. ದಿನಾ ಕಳೆ ತೆಗೆದೆ.

ಕಳೆ ತೆಗೆಯುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ರಾಗಿ ಹೊಲಕ್ಕೆ ಇಳಿದ ಹೆಂಗಸರದು ಒಂದು ಕ್ರಮ: ಪೈರು ಬಿಟ್ಟು ಮಿಕ್ಕ ಹುಲ್ಲನ್ನೆಲ್ಲ ಕಿತ್ತು ಬದುವಿಗೆ ಎಸೆ; ಎಲೆ ಇರೋದನ್ನೆಲ್ಲ ಮಡಿಲಿಗೆ ಹಾಕಿಕೋ. ಅಣ್ಣೆ ಸೊಪ್ಪು, ಕೀರೆ ಸೊಪ್ಪು, ಗೋಣಿ ಸೊಪ್ಪು ಯಾರೂ ಬಿತ್ತಿದ್ದಲ್ಲ, ತಾನಾಗಿ ಬಂದಿದ್ದು. ಎಲ್ಲ ಸೇರಿದರೆ ಬೆರಕೆ ಸೊಪ್ಪು, ಸಾಯಂಕಾಲಕ್ಕೆ ಮಸ್ಸೊಪ್ಪು, ಮುದ್ದೆ. ಹುಲ್ಲು ಶತ್ರು, ಎಲೆ ಊಟ.

ಗಿರಿಜಳ ತೋಟದಲ್ಲಿ ನೋಡಿದರೆ ಎಲ್ಲೆಲ್ಲೂ ನಮ್ಮ ಚಕ್ಕೋತ ಸೊಪ್ಪಿನಂಥದೇ ಒಂದು ಎದ್ದಿತ್ತು. ಎಲೆಗೆ ಹಿಟ್ಟು ಉದುರಿಸಿದ ಹಾಗೆ ಬೂದಿ ಬಣ್ಣ. ಮೂಸಿದೆ, ಕಚ್ಚಿ ನೋಡಿದೆ. ಅನುಮಾನವೇ ಇಲ್ಲ. ಆಹಾ, ಗಿರಿಜಾ ಊರಿನ ಸೊಪ್ಪು ಹಾಕಿಕೊಂಡಿದ್ದಾಳೆ ಅಂತ ಕಣ್ಣು ತುಂಬಿ ಬಂತು. ಅದರ ನಡುವೆ ಸಣ್ಣ ಸಣ್ಣ ಹುಲ್ಲು, ದಾರ ಹಿಡಿದ ಹಾಗೆ ನೆಟ್ಟಗೆ ಸಾಲಾಗಿ. ಹುಲ್ಲು ಸಾಲಾಗಿ ಬೆಳೆಯುತ್ತದೆಯೇ ಅಂತ ಒಂದು ಗಳಿಗೆ ಯೋಚಿಸಿದ್ದೂ ನಿಜ. ಈ ದೇಶದಲ್ಲಿ ಬಸ್ಸಿಗೂ ಸಾಲು, ಬ್ರೆಡ್ಡಿಗೂ ಸಾಲು; ಹುಲ್ಲೂ ಸಾಲಲ್ಲಿ ನಿಂತಿರಬೇಕು ಅಂದುಕೊಂಡು ಎಲ್ಲ ಸಾಲನ್ನೂ ಬೇರುಸಮೇತ ಕಿತ್ತೆ. ಸೊಪ್ಪಿಗೆ ಪಾತಿ ಮಾಡಿದೆ, ನೀರು ಹೊಯ್ದೆ, ಒತ್ತಾದ ಕಡೆ ವಿರಳ ಮಾಡಿದೆ. ಮಾರ್ಗರೆಟ್ ಆ ದಿನಗಳಲ್ಲಿ ಮಗಳ ಮನೆಗೆ ಹೋಗಿದ್ದಳು. ಗಿರಿಜಳಿಗೆ, "ಭಾನುವಾರ ಬಂದು ನೋಡೇ, ಬೆರಗಾಗ್ತೀಯ" ಅಂತ ಹೇಳಿದೆ.

ಆ ಭಾನುವಾರ

ಕಮಿಟಿಯಿಂದ ಮೂವರು ಬಂದರು, ಅವರಲ್ಲಿ ಮಾರ್ಗರೆಟ್ಟಳೂ ಒಬ್ಬಳು. ಗಿರಿಜಾ ಮುಖ ತೊಳೆದು, ಒಳ್ಳೆ ಬಟ್ಟೆ ಹಾಕಿಕೊಂಡು ಬಂದಿದ್ದಳು. ತೋಟ ನೋಡಿದ್ದೇ ನಿಂತಲ್ಲೇ ನಿಂತಳು.

ಮೊಳದುದ್ದ ಎದ್ದ ಸೊಪ್ಪು ಗಾಳಿಗೆ ಓಲಾಡುತ್ತಿತ್ತು. ಕಮಿಟಿಯ ಒಬ್ಬ ಗಂಡಸು ಕೆಮ್ಮಿ, "ಇಷ್ಟು ಚೆನ್ನಾಗಿ ಸಾಕಿದ ಕಳೆಯನ್ನ ನಾನು ನೋಡೇ ಇಲ್ಲ" ಅಂದ.

"ಕಳೆಯಲ್ಲ, ಊಟದ ಸೊಪ್ಪು," ಅಂದೆ ನಾನು.

"ಅಕ್ಕ," ಅಂದಳು ಗಿರಿಜಾ, ಧ್ವನಿ ಬಹಳ ಸಣ್ಣದಾಗಿತ್ತು. "ಲೀಕ್ ಎಲ್ಲಿ?"

"ಯಾವ್ ಲೀಕು?"

"ನಾನ್ ಎಡಗೈಲಿ ಬಿತ್ತಿದ್ನಲ್ಲ… ಸಾಲಾಗಿ… ಹುಲ್ಲಿನ ಥರ."

ಲೀಕ್ ಅಂದರೆ ಈರುಳ್ಳಿಯ ದಾಯಾದಿ. ಗೆಡ್ಡೆ ಬಿಡುವುದಿಲ್ಲ, ಬುಡವೇ ದಪ್ಪವಾಗುತ್ತದೆ, ಚಳಿಗಾಲಕ್ಕೆ ಅದೇ ಆಧಾರ. ಎಳೆಯದರಲ್ಲಿ ನೋಡಿದರೆ ದೇವರಾಣೆ ಹುಲ್ಲೇ.

ಮಾರ್ಗರೆಟ್ ನನ್ನ ಪರ ಒಂದು ಮಾತೂ ಆಡಲಿಲ್ಲ. ಈ ಗಿಡ ಹೂಬಿಟ್ಟು ಬೀಜ ಉದುರಿಸಿದರೆ ಎಲ್ಲರ ತೋಟವೂ ಹಾಳು, ಮುಂದಿನ ಭಾನುವಾರದೊಳಗೆ ಪೂರ್ತಿ ತೆಗೆದು ಬೆಳೆ ಹಾಕಿರಬೇಕು, ಇಲ್ಲದಿದ್ದರೆ ಬಿಟ್ಟುಕೊಡಬೇಕು ಅಂತ ಅವಳೇ ಹೇಳಿದಳು. ಜೊತೆಗೆ ಕೂತು ಸೋಪು ಹೊಯ್ದವಳು! ನನಗೆ ಮೈ ಉರಿಯಿತು.

ಮನೆಗೆ ಬಂದ ಮೇಲೆ ಗಿರಿಜಾ ಕೋಟು ಕೂಡ ಬಿಚ್ಚದೆ ಕೂತಳು. ನಾನು "ಬೈಯೇ, ಬಾಯ್ತುಂಬ ಬೈಯೇ" ಅಂದೆ.

"ಬೈದು ಏನಕ್ಕ ಮಾಡ್ಲಿ? ಈ ಊರಲ್ಲಿ ನಂದು ಅಂತ ಇದ್ದಿದ್ದು ಅದೊಂದೇ. ವಾರ್ಡಲ್ಲಿ ಯಾರಾದ್ರೂ ತೀರ್ಕೊಂಡ್ರೆ ಡ್ಯೂಟಿ ಮುಗ್ಸಿ ಮನೆಗ್ ಬರ್ತಿರ್ಲಿಲ್ಲ, ಅಲ್ಲೋಗಿ ಮಣ್ಣು ಕೆದಕ್ತಾ ಕೂತ್ಕೋತಿದ್ದೆ." ಅವಳು ಅತ್ತಳು. ಅಪ್ಪ ಹೋದಾಗಲೂ ಅವಳು ನನ್ನ ಮುಂದೆ ಅತ್ತಿರಲಿಲ್ಲ. "ಒಂದ್ ವಾರದಲ್ಲಿ ಈ ಕೈ ಇಟ್ಕೊಂಡು ಏನಾಯ್ತದೆ? ಹೋಗ್ಲಿ ಬುಡು. ಅದೂ ಇಲ್ದಿದ್ಮೇಲೆ ಇಲ್ಲಿ ಯಾಕಿರ್ಲಿ? ನಿನ್ ಜೊತೇಲೇ ಬಂದ್ಬುಡ್ತೀನಿ."

ನೋಡಿ, ನಾನು ಸಾವಿರಾರು ಮೈಲಿ ಬಂದಿದ್ದು ಈ ಒಂದು ಮಾತಿಗೆ. ಬಾಯಿ ಬಿಟ್ಟು ಕೇಳುವುದಕ್ಕೂ ಮುಂಚೆ ಅದಾಗಿಯೇ ಬಂತು. ಯಜಮಾನರಿಗೆ ಫೋನ್ ಮಾಡಿದೆ. "ಭೇಷ್! ಟಿಕೆಟ್ ಬುಕ್ ಮಾಡು," ಅಂದರು. ಮಾಡುತ್ತೇನೆ ಅಂದೆ. ಆದರೆ ರಾತ್ರಿ ಊಟಕ್ಕೆ ತಟ್ಟೆ ಹಾಕಿ ತಲೆಯೆತ್ತಿ ನೋಡಿದೆ. ಎದುರಿಗೆ ಕೂತ ಗಿರಿಜಾ ಎಡಗೈಯ ಉಗುರಿನ ಸಂದಿಯ ಮಣ್ಣನ್ನೇ ನೋಡುತ್ತಿದ್ದಳು.

ಸೋಮವಾರ

ಬೆಳಗ್ಗೆ ಅವಳು ಡ್ಯೂಟಿಗೆ ಹೋದಳು. ನಾನು ಟಿಕೆಟ್ ಬುಕ್ ಮಾಡಲಿಲ್ಲ, ತೋಟಕ್ಕೆ ಹೋದೆ.

ಮಾರ್ಗರೆಟ್ ಇದ್ದಳು. ಸಾರಿ ಅನ್ನಲಿಲ್ಲ, ನಾನೂ ಅನ್ನಲಿಲ್ಲ. "ಲೀಕ್ ಸಸಿ ಬೇಕು" ಅಂದೆ. ನನ್ನನ್ನು ಗೇಟಿನ ಹತ್ತಿರದ ಮೇಜಿಗೆ ಕರೆದುಕೊಂಡು ಹೋದಳು. ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೆ, ಗಮನಿಸಿರಲಿಲ್ಲ. ಎಲ್ಲರೂ ತಮಗೆ ಬೇಕಾದ್ದಕ್ಕಿಂತ ಜಾಸ್ತಿ ಬಿತ್ತುತ್ತಾರಂತೆ. ಮಿಕ್ಕಿದ ಸಸಿಯನ್ನು ಆ ಮೇಜಿನ ಮೇಲಿಡುತ್ತಾರೆ, ಬೇಕಾದವರು ಒಯ್ಯಬಹುದು. ಎಲೆಕೋಸು, ಬೀಟ್‌ರೂಟು, ಲೆಟಿಸು. ಲೀಕ್ ಮಾತ್ರ ಇರಲಿಲ್ಲ. ಮಾರ್ಗರೆಟ್ ತನ್ನ ಮಡಿಯಿಂದಲೇ ಒಂದು ಕಂತೆ ಕಿತ್ತು, ಬೇರಿಗೆ ಒದ್ದೆ ಕಾಗದ ಸುತ್ತಿ ಕೈಗೆ ಕೊಟ್ಟಳು. "ನಿಯಮ ನಾನು ಬಿಡಲ್ಲ. ಸಸಿ ಬೇಕಾದ್ರೆ ಕೊಡ್ತೀನಿ," ಅಂದಳು. ಅವಳ ಮೇಲಿನ ಸಿಟ್ಟು ಅಲ್ಲೇ ಇಳಿಯಿತು.

ಸೊಪ್ಪನ್ನೆಲ್ಲ ಕಿತ್ತೆ. ಚೀಲಗಟ್ಟಲೆ ಆಯಿತು. ಎಳೆಯದನ್ನು ಆರಿಸಿ ಬೇಯಿಸಿ ಮಸೆದು, ಮಾರ್ಗರೆಟ್ಟಳಿಗೂ ಒಂದು ಡಬ್ಬಿ ಕೊಟ್ಟೆ. ಮರುದಿನ ಖಾಲಿ ಡಬ್ಬಿ ತಂದು, "ರುಚಿಯಾಗಿದೆ. ಆದರೂ ಅದು ಕಳೆಯೇ" ಅಂದಳು.

ಲೀಕ್ ನೆಡುವುದೂ ಒಂದು ವಿಚಿತ್ರ. ಕೋಲಿನಲ್ಲಿ ಆಳಕ್ಕೆ ತೂತು ಮಾಡಿ ಸಸಿ ಇಳಿಬಿಡಬೇಕು. ಮಣ್ಣು ಮುಚ್ಚಬಾರದು, ನೀರು ಮಾತ್ರ ಹೊಯ್ಯಬೇಕು. ಮಣ್ಣು ತಾನಾಗಿ ಕೂರುತ್ತದೆ. ಮಾರ್ಕೋನಹಳ್ಳಿ ಗದ್ದೆಯಲ್ಲಿ ನಾಟಿ ಹಾಕುವವರ ಹಾಗೆ ಬಗ್ಗಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದೆ. ಸೊಂಟ ಬಿದ್ದುಹೋಯಿತು. ಸಾಯಂಕಾಲ ತಲೆಯೆತ್ತಿದರೆ ಆಸ್ಪತ್ರೆಯ ಬಟ್ಟೆಯಲ್ಲೇ ಗಿರಿಜಾ ನಿಂತಿದ್ದಳು.

"ಯಾಕಕ್ಕ ಇದೆಲ್ಲ? ನಾನು ಬರ್ತೀನಿ ಅಂದಿದ್ನಲ್ಲ."

"ಅಳ್ತಾ ಬರೋಳ್ನ ಕರ್ಕೊಂಡೋಗಿ ಎಲ್ಲಿ ಇಟ್ಕೊಳ್ಳೇ? ನೀರ್ ಹಾಕು, ಸಸಿ ಬಾಡ್ತಾವೆ."

ಅವಳು ಎಡಗೈಯಲ್ಲಿ ನೀರಿನ ಕ್ಯಾನು ಹಿಡಿದು, ನಾನು ತೂತು ಮಾಡಿದಲ್ಲೆಲ್ಲ ಹಿಂದೆಯೇ ಹೊಯ್ಯುತ್ತಾ ಬಂದಳು. ಆ ವಾರವೆಲ್ಲ ಹಾಗೇ ಮಾಡಿದೆವು. ಭಾನುವಾರ ಕಮಿಟಿ ಬಂದು ನೋಡಿ, ಆಯಿತು, ಗಿರಿಜಳದೇ ಇರಲಿ ಅಂದಿತು. ಅವಳು ನನ್ನನ್ನು ಜನರ ಮುಂದೆಯೇ ತಬ್ಬಿಕೊಂಡಳು. ನನಗೆ ಖುಷಿಯಾಯಿತು. ಸಂಕಟವೂ ಆಯಿತು, ಸುಳ್ಳು ಯಾಕೆ ಹೇಳಲಿ.

ವಾಪಸ್

ಬೆಂಗಳೂರು ಏರ್‌ಪೋರ್ಟಿಗೆ ಯಜಮಾನರು ಕಾರು ತಂದಿದ್ದರು. ಗಿರಿಜಾ ಬರುತ್ತಿಲ್ಲ ಅಂತ ಫೋನಿನಲ್ಲಿ ಹೇಳಿದ್ದರೂ ನನ್ನ ಹಿಂದೆ ಇನ್ಯಾರಾದರೂ ಬರುತ್ತಾರೋ ಅಂತ ಇಣುಕಿ ನೋಡಿದರು. ನೆಲಮಂಗಲ ದಾಟುವವರೆಗೂ ತಡೆದುಕೊಂಡಿದ್ದರು ಪಾಪ.

"ಹಂಗಾರೆ ಈ ವರ್ಷ ಬರಾಕಿಲ್ವಾ ಅವ್ಳು?"

"ಇಲ್ಲ ಕಣ್ರೀ. ಲೀಕು ಬಲಿಯೋದೇ ಡಿಸೆಂಬರ್ರಿಗೆ. ಅದನ್ನ ಕಿತ್ತು ಮುಗಿಸೋ ಹೊತ್ಗೆ ಮುಂದಿನ ವರ್ಷದ್ದು ಬಿತ್ತೋ ಕಾಲ ಬರ್ತದೆ. ಅವ್ಳು ಬಿಟ್ಟು ಬರಲ್ಲ."

ಅವರು ಮುಂದಿನ ಲಾರಿಗೆ ಹಾರನ್ ಹೊಡೆದರು. ಆಮೇಲೆ ಸಿಟ್ಟಿನಲ್ಲೇ ಕೇಳಿದರು.

"ಕೈ ಮುರ್ಕೊಂಡು ಕುಂತವ್ಳಿಗೆ ಅದನ್ನ ಹಾಕ್ಕೊಟ್ಟೋರ್ ಯಾರು?"

"ನಾನೇ," ಅಂದೆ.